ಆರಿಹೋದ ಸುಣ್ಣದ ಗೂಡುಗಳು

ನಮ್ಮ ಬಯಲುಸೀಮೆಯ ಹಳೆಯ ಗಾಡಿದಾರಿಗಳಲ್ಲಿ ನಡೆದವರಿಗೆ, ಹಳ್ಳದ ದಂಡೆಯಲ್ಲೋ ಊರಾಚೆಯ ಗೋಮಾಳದಲ್ಲೋ, ಕಾಡುಕಲ್ಲು ಮತ್ತು ಕೆಮ್ಮಣ್ಣಿನಿಂದ ಕಟ್ಟಿದ ದುಂಡನೆಯ ಮೊಂಡು ಗೋಪುರವೊಂದು ಕಣ್ಣಿಗೆ ಬಿದ್ದಿರಬಹುದು. ಅದರ ಎತ್ತರ ಆಳುದ್ದಕ್ಕಿಂತ ಸ್ವಲ್ಪ ಹೆಚ್ಚು. ಮೇಲ್ಭಾಗ ಬಯಲು, ಬುಡದಲ್ಲಿ ಬಗ್ಗಿ ನೋಡುವಷ್ಟು ದೊಡ್ಡ ಬಾಯಿ. ಒಳಗೋಡೆಯ ಕಲ್ಲುಗಳು ಬೆಂಕಿಗೆ ಕರಗಿ ಗಾಜಿನಂತೆ ಹೊಳೆಯುತ್ತವೆ. ನಡುವೆ ಎಕ್ಕದ ಗಿಡವೋ ಜಾಲಿಯೋ ಬೆಳೆದಿರುತ್ತದೆ. ಇಂದಿನ ಹುಡುಗರು ಇದನ್ನು ಪಾಳೆಯಗಾರರ ಕಾಲದ ಹುಡೇವು ಎಂದು ಭಾವಿಸುವುದುಂಟು. ವಾಸ್ತವವಾಗಿ ಅದು ಸುಣ್ಣದ ಗೂಡು. ಉತ್ತರ ಕರ್ನಾಟಕದವರು ಇದನ್ನೇ ಸುಣ್ಣದ ಭಟ್ಟಿ ಎನ್ನುತ್ತಾರೆ. ಯಾವ ಅರಸನ ಹೆಸರೂ ಇಲ್ಲದ, ಯಾವ ಶಾಸನವೂ ಉಲ್ಲೇಖಿಸದ ಈ ಮೋಟು ಗೂಡುಗಳೇ ನಮ್ಮ ಕೋಟೆ, ಗೋಪುರ, ಕೆರೆತೂಬು, ಅಣೆಕಟ್ಟುಗಳನ್ನೆಲ್ಲ ಹಿಡಿದು ನಿಲ್ಲಿಸಿದವು. ಅವುಗಳ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಬರೆದಿಡಬೇಕೆನಿಸಿತು.

ಮೊದಲು ಶಬ್ದದಿಂದಲೇ ಆರಂಭಿಸೋಣ. ಮೇಷ್ಟರ ಅಭ್ಯಾಸ ಸುಲಭಕ್ಕೆ ಬಿಡುವುದಿಲ್ಲ. ಸಂಸ್ಕೃತದ 'ಚೂರ್ಣ' ಎಂಬುದು ಪ್ರಾಕೃತದಲ್ಲಿ 'ಚುಣ್ಣ' ಆಗಿ, ನಮ್ಮಲ್ಲಿ 'ಸುಣ್ಣ' ಎಂದಾಯಿತು. ಹಿಂದಿಯ 'ಚೂನಾ' ಅದರ ಒಡಹುಟ್ಟು. ಸುಣ್ಣಕ್ಕೆ ಸಂಸ್ಕೃತದಲ್ಲಿ ಇನ್ನೊಂದು ಹೆಸರುಂಟು, ಅದು 'ಸುಧಾ'. ಅಮೃತಕ್ಕೂ ಅದೇ ಹೆಸರು, ಗೋಡೆಗೆ ಬಳಿಯುವ ಸುಣ್ಣಕ್ಕೂ ಅದೇ ಹೆಸರು. ಸುಧೆಯಿಂದ ಬೆಳ್ಳಗಾದ ಮನೆಯೇ 'ಸೌಧ'. ಬೆಂಗಳೂರಿನ ವಿಧಾನಸೌಧವು ಬೆಣಚುಕಲ್ಲಿನ ಕಟ್ಟಡವಾದರೂ ಅದರ ಹೆಸರಿನೊಳಗೆ ಸುಣ್ಣ ಅಡಗಿ ಕುಳಿತಿದೆ. ಮೈಸೂರಿನಲ್ಲಿ ಸುಣ್ಣದಕೇರಿ ಎಂಬ ಬಡಾವಣೆ ಇಂದಿಗೂ ಇದೆ. ಪಕ್ಷಪಾತ ಮಾಡುವವರನ್ನು ಕುರಿತು 'ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ' ಎನ್ನುತ್ತೇವಷ್ಟೆ. ಚೆನ್ನಾಗಿ ಅರಳಿ ಹಣ್ಣಾದ ಸುಣ್ಣವನ್ನು ಕಂಡವರಿಗೆ ಈ ಗಾದೆಯ ಸೊಗಸು ತಿಳಿಯುತ್ತದೆ. ನೋಟಕ್ಕೆ ಎರಡೂ ಒಂದೇ. ಗುಣದಲ್ಲಿ ಒಂದು ತಂಪು, ಇನ್ನೊಂದು ಸುಡುವಂಥದು.

ಸುಣ್ಣಕ್ಕೆ ಬೇಕಾದ ಕಲ್ಲು ನಮ್ಮ ನಾಡಿನಲ್ಲಿ ಮೂರು ಬಗೆಯಲ್ಲಿ ದೊರೆಯುತ್ತದೆ. ಕಲಬುರಗಿ ಸೀಮೆಯ ಷಹಾಬಾದ್, ವಾಡಿ, ಸೇಡಂಗಳ ಸುತ್ತ ಮತ್ತು ಬಾಗಲಕೋಟೆ, ಲೋಕಾಪುರಗಳ ಸುತ್ತ ಸುಣ್ಣಕಲ್ಲಿನ ಹಾಸುಗಳೇ ಇವೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿಯೂ ಅಲ್ಲಲ್ಲಿ ಸುಣ್ಣಕಲ್ಲಿನ ಪಟ್ಟಿಗಳು ಹಾದುಹೋಗಿವೆ. ಎರಡನೆಯದು ಬಯಲುಸೀಮೆಯ ಹೊಲಗಳಲ್ಲಿ, ಎರೆಮಣ್ಣಿನ ಅಡಿಯಲ್ಲಿ, ಹಳ್ಳದ ದಡಗಳಲ್ಲಿ ಸಿಗುವ ಗಂಟುಗಂಟಾದ ಬೂದುಬಿಳಿಯ ಸುಣ್ಣದ ಹರಳು. ಉತ್ತರದವರು ಇದನ್ನು ಕಂಕರ್ ಎನ್ನುತ್ತಾರೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ 1807ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್, ತಾನು ಹಾದುಹೋದ ಊರುಗಳ ಮಣ್ಣು, ಕಲ್ಲುಗಳ ಜೊತೆಗೆ ಈ ಕಂಕರನ್ನೂ ಗುರುತಿಸಿದ್ದಾನೆ. ಮೂರನೆಯದು ಕರಾವಳಿಯ ಚಿಪ್ಪು. ಕುಮಟೆಯ ಬಳಿಯ ಅಘನಾಶಿನಿ ನದಿಯ ಅಳಿವೆಯಂಥ ಕಡೆಗಳಲ್ಲಿ ಬಳಚು ಮೊದಲಾದ ಚಿಪ್ಪುಜೀವಿಗಳು ಹೇರಳ. ಅಲ್ಲಿನವರು ಶತಮಾನಗಳಿಂದ ಚಿಪ್ಪನ್ನೇ ಸುಟ್ಟು ಸುಣ್ಣ ಮಾಡಿಕೊಂಡರು. ಚಿಪ್ಪಿನ ಸುಣ್ಣ ನುಣುಪು, ಅಚ್ಚಬಿಳುಪು. ಆದಕಾರಣ ಎಲೆಅಡಿಕೆಗೂ ಗೋಡೆಗೂ ಅದಕ್ಕೆ ಮೇಲಿನ ಸ್ಥಾನ.

ಗೂಡು ಕಟ್ಟುವುದರಲ್ಲಿ ಒಂದು ಲೆಕ್ಕಾಚಾರವಿತ್ತು. ಸಾಧ್ಯವಾದಲ್ಲಿ ದಿಬ್ಬದ ಮಗ್ಗುಲನ್ನೇ ಆರಿಸಿಕೊಳ್ಳುತ್ತಿದ್ದರು. ಹಿಂಬದಿಯ ಏರಿನಿಂದ ನೇರವಾಗಿ ಮೇಲಿನ ಬಾಯಿಗೆ ಕಲ್ಲು, ಸೌದೆ ಸುರಿಯಬಹುದು. ಮುಂಬದಿಯ ತಗ್ಗಿನ ಬಾಯಿಂದ ಗಾಳಿ ಒಳನುಗ್ಗುತ್ತದೆ, ಬೆಂದ ಸುಣ್ಣವನ್ನು ಅಲ್ಲಿಂದಲೇ ಹೊರಗೆಳೆಯಬಹುದು. ಅಡಿಯಲ್ಲಿ ಒಣಸೌದೆಯ ಹಾಸು, ಅದರ ಮೇಲೆ ಮುಷ್ಟಿಗಾತ್ರಕ್ಕೆ ಒಡೆದ ಕಲ್ಲಿನ ಒಂದು ವರಸೆ, ಮತ್ತೆ ಇದ್ದಿಲು ಅಥವಾ ಬೆರಣಿ, ಮತ್ತೆ ಕಲ್ಲು: ಹೀಗೆ ಬಾಯಿಯವರೆಗೂ ಪದರಪದರವಾಗಿ ತುಂಬುತ್ತಿದ್ದರು. ಕಲ್ಲು ತೀರಾ ದಪ್ಪವಾದರೆ ಒಳಗೆ ಬೇಯದು. ತೀರಾ ಸಣ್ಣದಾದರೆ ಸಂದುಗಳು ಮುಚ್ಚಿ ಗಾಳಿಯಾಡದು. ಬೆಂಕಿ ಹಚ್ಚಿದ ಮೇಲೆ ರಾತ್ರಿಹಗಲು ಕಾವಲು. ಬೆಂಕಿ ಮಂದವಾದರೆ ಕಲ್ಲಿನ ನಡುವೆ ಹಸಿಯ ತಿರುಳು ಉಳಿಯುತ್ತದೆ. ಮಿತಿಮೀರಿದರೆ ಕಲ್ಲು ಸತ್ತುಹೋಗುತ್ತದೆ, ಅಂದರೆ ನೀರು ಹಾಕಿದರೂ ಬೇಗ ಅರಳದ ಜಡಸುಣ್ಣವಾಗುತ್ತದೆ. ಅಂಥ ಸುಣ್ಣವನ್ನು ಗೋಡೆಗೆ ಮೆತ್ತಿದರೆ ತಿಂಗಳುಗಳ ಅನಂತರ ಅದು ಒಳಗೊಳಗೇ ಅರಳಿ ಗಿಲಾವನ್ನು ಹೊರಕ್ಕೆ ಒತ್ತುತ್ತದೆ. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಜ್ವಾಲೆಯ ಬಣ್ಣ, ಹೊಗೆಯ ಬಗೆ, ಗೂಡಿನ ಕುಸಿತ ಇವೇ ಸುಡುವವನಿಗೆ ಮಾಪಕಗಳು.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರದ ಆ ಪಾಠ ನೆನಪಿರಬಹುದು. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡಿದಾಗ ಅದು ಅಂಗಾರಾಮ್ಲ ಅನಿಲವನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಶುದ್ಧವಾದ 100 ಕಿಲೋ ಕಲ್ಲಿನಿಂದ 56 ಕಿಲೋ ಸುಟ್ಟ ಸುಣ್ಣ. ಮಿಕ್ಕ 44 ಕಿಲೋ ಅನಿಲವಾಗಿ ಆಕಾಶದ ಪಾಲು. ಈ 56 ಕಿಲೋ ಸುಣ್ಣಕ್ಕೆ ನೀರು ಹಾಕಿದರೆ ಅದು 18 ಕಿಲೋ ನೀರನ್ನು ತನ್ನೊಳಗೆ ಸೇರಿಸಿಕೊಂಡು, ಕುದಿಕುದಿದು, 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಅದನ್ನು ಗೋಡೆಗೆ ಬಳಿದಾಗ ನೀರು ಆರಿ, ಅದು ಗಾಳಿಯಲ್ಲಿನ ಅದೇ ಅಂಗಾರಾಮ್ಲವನ್ನು ನಿಧಾನವಾಗಿ ಹೀರಿ, ಮತ್ತೆ 100 ಕಿಲೋ ಕಲ್ಲಾಗುತ್ತದೆ. ಕಲ್ಲು ಬೆಂಕಿಯನ್ನು ಹಾದು, ನೀರನ್ನು ಹಾದು, ಗಾಳಿಯನ್ನು ಹಾದು ಪುನಃ ಕಲ್ಲೇ ಆಗುವ ಈ ಪರಿ ನನಗೆ ನಿವೃತ್ತಿಯಾದ ಮೇಲೂ ಬೆರಗು ಹುಟ್ಟಿಸುವ ಸಂಗತಿ. ಹೊಸದಾಗಿ ಸುಣ್ಣ ಬಳಿದ ಗೋಡೆ ದಿನಕಳೆದಂತೆ ಗಟ್ಟಿಯಾಗುವುದರ ಗುಟ್ಟು ಇದೇ. ನೀರು ಬಿದ್ದು ಸುಣ್ಣ ಬಿರಿದು ಪುಡಿಯಾಗುವುದಕ್ಕೆ ನಮ್ಮ ಜನ 'ಅರಳುವುದು' ಎಂದರು, ಹೂವಿಗೆ ಬಳಸುವ ಮಾತನ್ನೇ ಬಳಸಿದರು. ಪುಸ್ತಕ ಬರೆದ ಪಂಡಿತರು ಅದಕ್ಕಿಂತ ಒಳ್ಳೆಯ ಪದವನ್ನು ಹುಡುಕಲಾರದೆ ಅದನ್ನೇ ಉಳಿಸಿಕೊಂಡರು.

1970ರ ದಶಕದಲ್ಲಿ ನಾನು ಪಾಠ ಹೇಳುತ್ತಿದ್ದ ಹಳ್ಳಿಯ ಹೊರಗೆ ಉರಿಯುತ್ತಿದ್ದ ಗೂಡೊಂದಿತ್ತು. ಒಂಬತ್ತನೆಯ ತರಗತಿಯ ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಿದ್ದೆ. ಗೂಡಿನ ಯಜಮಾನರು ಅಕ್ಷರ ಕಲಿತವರಲ್ಲ. "ಕಲ್ಲು ಬೆಂದಿದೆಯೋ ಇಲ್ಲವೋ ಹೇಗೆ ತಿಳಿಯುತ್ತದೆ ಯಜಮಾನರೇ?" ಎಂದು ಕೇಳಿದೆ. ಅವರು ಎರಡು ತುಂಡುಗಳನ್ನು ಒಬ್ಬ ಹುಡುಗನ ಎರಡು ಕೈಗಳಲ್ಲಿಟ್ಟು, "ಕೈಯೇ ಹೇಳ್ತೈತೆ ಮೇಷ್ಟ್ರೇ. ಬೆಂದಿದ್ದು ಹಗುರ, ಬೇಯದ್ದು ಭಾರ" ಎಂದರು. ನಾನು ಕರಿಹಲಗೆಯ ಮೇಲೆ ಎರಡು ದಿನ ಬರೆದು ತಿಳಿಸಿದ್ದ 44 ಕಿಲೋಗಳ ಲೆಕ್ಕ ಆ ಹುಡುಗನಿಗೆ ಅರೆಗಳಿಗೆಯಲ್ಲಿ ಅರ್ಥವಾಯಿತು. ಆ ಯಜಮಾನರ ಮಗನೂ ಅದೇ ತರಗತಿಯಲ್ಲಿದ್ದ. ಅವನ ಅಂಗಾಲು, ಅಂಗೈಗಳು ಸುಣ್ಣದಿಂದ ಬಿರಿದು ಸದಾ ಬೆಳ್ಳಗಿರುತ್ತಿದ್ದವು. ಕೆಲವು ಹುಡುಗರು ಅವನ ಪಕ್ಕ ಕೂರಲು ಹಿಂಜರಿಯುತ್ತಿದ್ದರು. ಆ ದಿನ ಮಾತ್ರ ಅವನು ಎಲ್ಲರಿಗಿಂತ ಮುಂದೆ ನಿಂತು, ಯಾವ ಕಲ್ಲನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ತನ್ನ ಸಹಪಾಠಿಗಳಿಗೆ ತಿಳಿಸಿಕೊಡುತ್ತಿದ್ದ.

ಸುಣ್ಣ ಸುಡುವುದು ಕಷ್ಟದ, ಅಪಾಯದ ಕಸುಬು. ಸುಟ್ಟ ಸುಣ್ಣದ ದೂಳು ಬೆವರಿದ ಮೈಮೇಲೆ ಬಿದ್ದರೆ ಅಲ್ಲಿಯೇ ಅರಳಿ ಚರ್ಮವನ್ನು ಸುಡುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಮಳೆ ಬಂದರೆ ಗೂಡಿನ ಬಳಿ ರಾಶಿ ಹಾಕಿದ ಸುಣ್ಣ ತಾನಾಗಿಯೇ ಕಾದು, ಹೊದಿಸಿದ ಹುಲ್ಲಿಗೂ ಬುಟ್ಟಿಗಳಿಗೂ ಬೆಂಕಿ ಹತ್ತುವುದುಂಟು. ನಮ್ಮ ಕಡೆ ಉಪ್ಪಾರ ಸಮುದಾಯದ ಅನೇಕ ಕುಟುಂಬಗಳು ಉಪ್ಪು ತೆಗೆಯುವುದರ ಜೊತೆಗೆ ಸುಣ್ಣ ಸುಡುವುದನ್ನೂ ಗಾರೆ ಕೆಲಸವನ್ನೂ ಕುಲಕಸುಬಾಗಿ ನಡೆಸಿದವು. ಸುಣ್ಣಗಾರ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಹಬ್ಬಕ್ಕೆ ಮನೆ ಬೆಳ್ಳಗಾಗಲು, ಮದುವೆಗೆ ಚಪ್ಪರದ ಮನೆ ಕಳೆಗಟ್ಟಲು, ವೀಳ್ಯ ಕೆಂಪಾಗಲು ಅವರ ಸುಣ್ಣ ಬೇಕಿತ್ತು. ಆದರೆ ಪಂಕ್ತಿಯಲ್ಲಿ ಅವರಿಗೆ ಜಾಗ ಕೊಡಲು ಊರು ಯೋಚಿಸುತ್ತಿತ್ತು. ಚರಿತ್ರೆಯನ್ನು ಬರೆಯುವಾಗ ಇದನ್ನು ಮರೆತರೆ ಆ ಚರಿತ್ರೆ ಪೂರ್ಣವಾಗದು.

ಗೂಡಿನಿಂದ ಬಂದ ಸುಣ್ಣದ ಮುಂದಿನ ಪ್ರಯಾಣ ಗಾರೆಯ ಗಾಣಕ್ಕೆ. ನೆಲದಲ್ಲಿ ದುಂಡನೆಯ ಕಲ್ಲುಗಾಲುವೆ, ಅದರೊಳಗೆ ಉರುಳುವ ಭಾರಿ ಕಲ್ಲಿನ ಚಕ್ರ, ನಡುವೆ ಗೂಟ, ಎಳೆಯಲು ಒಂಟಿ ಎತ್ತು ಅಥವಾ ಜೋಡೆತ್ತು. ಅರಳಿದ ಸುಣ್ಣ, ಮರಳು, ಇಟ್ಟಿಗೆಯ ಪುಡಿಯಾದ ಸುರ್ಕಿ ಇವುಗಳನ್ನು ನೀರಿನೊಡನೆ ಹಾಕಿ ಗಂಟೆಗಟ್ಟಲೆ ಅರೆದರೆ ಬೆಣ್ಣೆಯಂಥ ಗಾರೆ. ಉತ್ತರ ಕರ್ನಾಟಕದಲ್ಲಿ ಇದು ಗಚ್ಚು. ಉತ್ತಮ ಕೆಲಸಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರುಗಳನ್ನೂ ಬೆರೆಸುತ್ತಿದ್ದರು. ತಾರಸಿಗೆ ಇಟ್ಟಿಗೆಚೂರು ಮತ್ತು ಸುಣ್ಣದ ಮಿಶ್ರಣ ಹರಡಿ, ಹೆಂಗಸರು ಸಾಲಾಗಿ ಕುಳಿತು ಮರದ ಬಡಿಗೆಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಆ ತಾಳಕ್ಕೆ ಹಾಡು ಹುಟ್ಟಿಕೊಳ್ಳುತ್ತಿತ್ತು. ಅಂಥ ತಾರಸಿಯ ಕೆಳಗೆ ಬೇಸಿಗೆಯಲ್ಲಿ ಮಲಗಿದವರಿಗೆ ಅದರ ತಂಪು ಗೊತ್ತು. ಗಾಣದ ಕಲ್ಲುಚಕ್ರಗಳು ಇಂದಿಗೂ ಹಲವು ಹಳೆಯ ದೇವಾಲಯಗಳ, ಕೋಟೆಗಳ ಮಗ್ಗುಲಲ್ಲಿ ಅನಾಥವಾಗಿ ಒರಗಿವೆ.

ಇಂಥ ಗಾರೆಯಿಂದ ಏನನ್ನು ಕಟ್ಟಬಹುದು ಎಂಬುದಕ್ಕೆ ವಿಜಯಪುರಕ್ಕೆ ಹೋಗಿ ನೋಡಬೇಕು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ನಡುವೆ ಒಂದು ಕಂಬವೂ ಇಲ್ಲ. ಇಟ್ಟಿಗೆ ಮತ್ತು ದಪ್ಪನೆಯ ಸುಣ್ಣದ ಗಾರೆ ಒಂದಾಗಿ ಬೆರೆತು ಒಂದೇ ಚಿಪ್ಪಿನಂತೆ ನಿಂತಿರುವುದೇ ಅದರ ಬಲ. ಹಂಪಿಯ ಗೋಪುರಗಳ ಬುಡ ಕಲ್ಲಿನದಾದರೂ ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಸುಣ್ಣದವು. ಕಮಲಮಹಲಿನ ಕಮಾನುಗಳ ಮೇಲಿನ ನವುರಾದ ಅಲಂಕಾರವೂ ಗಾರೆಯದೇ.

ಹೊಸ ಕಾಲದ ಎಂಜಿನಿಯರುಗಳೂ ಸುಣ್ಣವನ್ನು ಬಿಡಲಿಲ್ಲ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ ಸುಣ್ಣ-ಸುರ್ಕಿಯ ಗಾರೆಯ ಕೆಲಸ. 1933ರಲ್ಲಿ ಕೋಡಿ ಬಿದ್ದಿದ್ದ ಆ ಅಣೆಕಟ್ಟು ಅನಂತರ 2022ರಲ್ಲಿ ಮತ್ತೆ ತುಂಬಿ ಕೋಡಿ ಬಿತ್ತು. ಆಗ ಜನ ಸಾಗರೋಪಾದಿಯಲ್ಲಿ ಬಂದು ನೀರನ್ನು ನೋಡಿದರು. ಆ ನೀರಿನ ಭಾರವನ್ನು ಶತಮಾನ ಕಳೆದ ಮೇಲೂ ಹೊತ್ತು ನಿಂತಿದ್ದ ಗಾರೆಯನ್ನು ಎಷ್ಟು ಜನ ನೆನೆದರೋ! 1911ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಕನ್ನಂಬಾಡಿಯ ಕೃಷ್ಣರಾಜಸಾಗರವೂ ಸುರ್ಕಿಗಾರೆಯ ಕಲ್ಲುಕಟ್ಟಡವೇ. ಸಿಮೆಂಟು ದುಬಾರಿಯಾಗಿದ್ದ ಆ ಕಾಲದಲ್ಲಿ ನಾಡಿನ ಕಲ್ಲು, ನಾಡಿನ ಮಣ್ಣು, ನಾಡಿನ ಕೂಲಿಕಾರರಿಂದಲೇ ಕಾವೇರಿಯನ್ನು ತಡೆಯಲಾಯಿತು. ಕೇರಳದ ಮುಲ್ಲಪೆರಿಯಾರ್ ಅಣೆಕಟ್ಟು (1887-95) ಕೂಡ ಸುಣ್ಣ-ಸುರ್ಕಿಯದು. ಅದರ ಸುರಕ್ಷತೆಯನ್ನು ಕುರಿತು ಎರಡು ರಾಜ್ಯಗಳ ನಡುವೆ ದೀರ್ಘ ವಿವಾದ ನಡೆದಿದೆ, ಮುಂದೆ ಅದನ್ನು ಕಾಂಕ್ರೀಟಿನಿಂದ ಬಲಪಡಿಸಲಾಗಿದೆ ಎಂಬುದನ್ನೂ ಹೇಳಬೇಕು. ಯಾವ ಗಾರೆಯೂ ಚಿರಂಜೀವಿಯಲ್ಲ.

ಬರಿಯ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು. ಹಾಗಾದರೆ ನೀರಿನಲ್ಲಿ ಮುಳುಗಿದ ಗಾರೆ ಹೇಗೆ ಗಟ್ಟಿಯಾಯಿತು ಎಂಬ ಪ್ರಶ್ನೆ ಸಹಜ. ಉತ್ತರ ಸುರ್ಕಿಯಲ್ಲಿದೆ. ಸುಟ್ಟ ಜೇಡಿಮಣ್ಣಿನ ಪುಡಿ ಸುಣ್ಣದೊಡನೆ ಸೇರಿ ನೀರಿನೊಳಗೂ ಬಿಗಿದುಕೊಳ್ಳುವ ಹೊಸ ಪದಾರ್ಥವಾಗುತ್ತದೆ. ಜೇಡಿ ಬೆರೆತ ಸುಣ್ಣದ ಹರಳಿಗೆ ಈ ಗುಣ ಹುಟ್ಟಿನಿಂದಲೇ ಇರುತ್ತದೆ. ಇಂಗ್ಲೆಂಡಿನಲ್ಲಿ ಜಾನ್ ಸ್ಮೀಟನ್ ಎಂಬಾತ 1750ರ ದಶಕದಲ್ಲಿ ಎಡಿಸ್ಟೋನ್ ದೀಪಸ್ತಂಭವನ್ನು ಕಟ್ಟುವಾಗ ಜೇಡಿ ಬೆರೆತ ಸುಣ್ಣಕಲ್ಲಿನ ಈ ಗುಣವನ್ನು ಪರೀಕ್ಷಿಸಿ ಕಂಡುಕೊಂಡ. ಅದೇ ಹಾದಿಯಲ್ಲಿ ಮುಂದುವರಿದು 1824ರಲ್ಲಿ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಸುಣ್ಣದ ಗೂಡಿನ ಮೊಮ್ಮಗನೇ ಸಿಮೆಂಟು. ಬೆಳೆದು ದೊಡ್ಡವನಾಗಿ ಅಜ್ಜನನ್ನು ಮನೆಯಿಂದ ಹೊರಗೆ ಹಾಕಿದ.

ಗೂಡಿನ ಸುಣ್ಣ ಕಟ್ಟಡಗಳಿಗಷ್ಟೇ ಮೀಸಲಾಗಿರಲಿಲ್ಲ. ಆಲೆಮನೆಯಲ್ಲಿ ಕಬ್ಬಿನಹಾಲಿನ ಕಶ್ಮಲ ತೆಗೆಯಲು, ಚರ್ಮ ಹದ ಮಾಡುವಲ್ಲಿ ಕೂದಲು ಕಳಚಲು, ಮಲೆನಾಡಿನ ಹುಳಿಮಣ್ಣನ್ನು ತಿದ್ದಲು ಸುಣ್ಣವೇ ಬೇಕು. ನಮ್ಮ ಬಂಧುಗಳಲ್ಲಿ ಅಡಿಕೆ ತೋಟದವರಿಗೆ ಇನ್ನೊಂದು ಸಂಗತಿ ಗೊತ್ತಿದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾ ಮೂಲದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಇಂದಿಗೂ ಮಳೆಗಾಲದ ಮುನ್ನ ಅದೇ ಮದ್ದು, ಅದೇ ಸುಣ್ಣ.

ಗೂಡುಗಳನ್ನು ಹೊಗಳುವ ಭರದಲ್ಲಿ ಅವುಗಳ ಹಸಿವನ್ನು ಮುಚ್ಚಿಡಬಾರದು. ಕಟ್ಟಡದ ಪ್ರತಿಯೊಂದು ಬಿಳಿಗೋಡೆಯ ಹಿಂದೆ ಕಡಿದ ಮರಗಳಿವೆ. ಗೂಡು ಚರಿತ್ರೆಯನ್ನೂ ತಿಂದಿದೆ. ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳು ಸುಣ್ಣಕಲ್ಲಿನವು. 1790ರ ದಶಕದ ಕೊನೆಯಲ್ಲಿ ಕಟ್ಟಡದ ಸಾಮಗ್ರಿಗಾಗಿ ಆ ದಿಬ್ಬವನ್ನು ಅಗೆಯತೊಡಗಿದಾಗ, ಎಷ್ಟೋ ಕೆತ್ತನೆಯ ಫಲಕಗಳು ಸುಣ್ಣಕ್ಕಾಗಿ ಸುಟ್ಟುಹೋದವು. ಕರ್ನಲ್ ಕಾಲಿನ್ ಮೆಕೆಂಜಿ ಅಲ್ಲಿಗೆ ಹೋಗಿ ಚಿತ್ರಗಳನ್ನು ಬರೆಸಿದ್ದರಿಂದ ಕಳೆದುಹೋದುದರ ಸ್ವಲ್ಪ ಅಂದಾಜು ನಮಗೆ ಉಳಿದಿದೆ. ನಮ್ಮ ಸನ್ನತಿ, ಕನಗನಹಳ್ಳಿಗಳ ಶಿಲ್ಪಗಳೂ ಅಂಥ ಸುಣ್ಣಕಲ್ಲಿನವೇ. ಅವು ಮಣ್ಣಿನಡಿಯಲ್ಲಿ ಮರೆಯಾಗಿದ್ದುದೇ ಒಂದು ಬಗೆಯ ಪುಣ್ಯ.

ಇನ್ನು ಗೂಡುಗಳು ಆರಿದ ಕಥೆ. 1914ರಲ್ಲಿ ಪೋರಬಂದರಿನಲ್ಲಿ ನಮ್ಮ ದೇಶದ ಸಿಮೆಂಟು ಉದ್ಯಮ ಭದ್ರವಾಗಿ ನೆಲೆಯೂರಿತು. 1936ರಲ್ಲಿ ಹತ್ತು ಕಂಪನಿಗಳು ಒಂದಾಗಿ ಎಸಿಸಿ ಎಂಬ ದೊಡ್ಡ ಸಂಸ್ಥೆಯಾಯಿತು. ಆದರೂ ಹಳ್ಳಿಯ ಗೂಡು ಕೂಡಲೇ ಆರಲಿಲ್ಲ. ಸ್ವಾತಂತ್ರ್ಯದ ಅನಂತರ ದಶಕಗಳ ಕಾಲ ಸಿಮೆಂಟಿನ ಬೆಲೆ, ಹಂಚಿಕೆಗಳು ಸರ್ಕಾರದ ನಿಯಂತ್ರಣದಲ್ಲಿದ್ದವು. ಹತ್ತು ಚೀಲ ಸಿಮೆಂಟಿಗೆ ಪರ್ಮಿಟ್ ಬೇಕು, ಪರ್ಮಿಟ್ಟಿಗೆ ತಾಲ್ಲೂಕು ಕಚೇರಿಗೆ ಅಲೆಯಬೇಕು. ಅಲೆಯಲಾರದವರು ಗೂಡಿಗೆ ಬಂದು ಗಾಡಿ ತುಂಬ ಸುಣ್ಣ ಒಯ್ದರು. 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ಆ ನಿಯಂತ್ರಣ ಹೋಯಿತು. ಸಿಮೆಂಟು ಕಿರಾಣಿ ಅಂಗಡಿಯ ಪಕ್ಕಕ್ಕೇ ಬಂತು. ಸೌದೆ ಸಿಗುವುದು ದುಸ್ತರವಾಯಿತು, ಗೋಡೆಗೆ ಡಿಸ್ಟೆಂಪರು ಬಂತು. ನಾನು ಕಂಡ ಗೂಡುಗಳೆಲ್ಲ ಆ ದಶಕದ ಆಸುಪಾಸಿನಲ್ಲೇ ಒಂದೊಂದಾಗಿ ತಣ್ಣಗಾದವು. ಮೇಲೆ ಹೇಳಿದ ಹುಡುಗ ಗಾರೆ ಕೆಲಸಕ್ಕಾಗಿ ನಗರ ಸೇರಿ, ಸಿಮೆಂಟಿನಲ್ಲೇ ಬದುಕು ಕಟ್ಟಿಕೊಂಡ. ಅವನ ಮಕ್ಕಳ ಅಂಗೈ ಬಿರಿಯಲಿಲ್ಲ ಎಂಬುದು ಸಂತೋಷದ ಮಾತೇ.

ಹಾಗಾದರೆ ಹೋದುದಕ್ಕೆ ಏಕೆ ಕೊರಗಬೇಕು? ಕೊರಗಿಗೆ ಒಂದು ಕಾರಣವಿದೆ. ಹಳೆಯ ಕಟ್ಟಡಗಳು ಇನ್ನೂ ನಮ್ಮೊಡನಿವೆ. ಅವುಗಳಿಗೆ ಸುಣ್ಣ ಬೇಕು. ಸುಣ್ಣದ ಗೋಡೆ ತೇವವನ್ನು ಹೀರಿ ಮತ್ತೆ ಗಾಳಿಗೆ ಬಿಟ್ಟುಕೊಡುತ್ತದೆ. ಸ್ವಲ್ಪ ಅಲುಗಿದರೂ ಹೊಂದಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಕಟ್ಟಿ, ಇಟ್ಟಿಗೆ ಕಲ್ಲುಗಳು ಪುಡಿಯಾಗುತ್ತವೆ. ನಮ್ಮ ಕಡೆಯ ಒಂದು ಗುಡಿಯ ಗೋಪುರಕ್ಕೆ ಭಕ್ತಿಯಿಂದಲೇ ಹಣ ಕೂಡಿಸಿ ಸಿಮೆಂಟಿನ ಗಿಲಾವು ಮಾಡಿಸಿದರು. ಕೆಲವೇ ಮಳೆಗಾಲಗಳಲ್ಲಿ ಅದು ಹಪ್ಪಳದಂತೆ ಎದ್ದುಬಂತು. ತನ್ನೊಡನೆ ಹಳೆಯ ಗಾರೆಯ ಗೊಂಬೆಗಳ ಮುಖಗಳನ್ನೂ ಕಿತ್ತುಕೊಂಡಿತು. ಅಲ್ಲಿ ಹಣಕ್ಕೂ ಶ್ರದ್ಧೆಗೂ ಕೊರತೆ ಇರಲಿಲ್ಲ. ಸುಣ್ಣವನ್ನು ಕೊಳೆಹಾಕಿ ಹಣ್ಣು ಮಾಡಿ, ಅರೆದು, ತೆಳುವಾಗಿ ಪದರಪದರವಾಗಿ ಎಳೆಯಬಲ್ಲ ಕೈಗಳು ಮಾತ್ರ ಸುತ್ತಮುತ್ತ ಇರಲಿಲ್ಲ. ಗೂಡು ಬಿದ್ದರೆ ಮತ್ತೆ ಕಟ್ಟಬಹುದು. ಆ ಕೈಗಳ ತಿಳಿವಳಿಕೆ ಹೋದರೆ ಎಲ್ಲಿಂದ ತರುವುದು?

ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಎಂಬ ದ್ವೀಪದಲ್ಲಿ ಹತ್ತೊಂಬತ್ತನೆಯ ಶತಮಾನದ ಸುಣ್ಣದ ಗೂಡುಗಳನ್ನು ಅಲ್ಲಿನ ನ್ಯಾಷನಲ್ ಟ್ರಸ್ಟ್ ಕಾಪಾಡಿಕೊಂಡಿದೆ. ಕೋಟೆ ನೋಡಲು ಹೋದವರು ಗೂಡನ್ನೂ ನೋಡಿ ಬರುತ್ತಾರೆ. ನಮ್ಮಲ್ಲಿ ಗೂಡಿನ ಕಲ್ಲು ಬೇಲಿಗೆ, ಮಣ್ಣು ರಸ್ತೆಗೆ, ಜಾಗ ನಿವೇಶನಕ್ಕೆ ಹೋಗುತ್ತಿದೆ. ಎಲ್ಲವನ್ನೂ ಉಳಿಸಿಕೊಳ್ಳುವುದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ತಾಲ್ಲೂಕಿಗೆ ಒಂದನ್ನಾದರೂ ಗಾಣದ ಚಕ್ರದೊಡನೆ ಉಳಿಸಿಕೊಂಡರೆ ಶಾಲೆಯ ಮಕ್ಕಳಿಗೆ ಚರಿತ್ರೆ, ರಸಾಯನಶಾಸ್ತ್ರ ಎರಡನ್ನೂ ಒಂದೇ ಕಡೆ ಕಲಿಸಬಹುದು.

ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಎಂಜಿನಿಯರುಗಳು, ಉಪಾಧ್ಯಾಯರು, ಪಂಚಾಯಿತಿ ಸದಸ್ಯರು. ನಿಮ್ಮ ಊರಿನ ಅಂಚಿನಲ್ಲಿ ಅಂಥದೊಂದು ಗೂಡು ಇದ್ದರೆ ಒಂದು ಚಿತ್ರ ತೆಗೆದಿಡಿ. ಅದರಲ್ಲಿ ಬೆಂಕಿ ಹಾಕಿದ ಹಿರಿಯರು ಯಾರಾದರೂ ಬದುಕಿದ್ದರೆ, ಅವರ ಬಳಿ ಒಂದು ಗಳಿಗೆ ಕುಳಿತು, ಯಾವ ಹಳ್ಳದ ಕಲ್ಲು, ಯಾವ ಸೌದೆ, ಎಷ್ಟು ರಾತ್ರಿಯ ಉರಿ ಎಂದು ಕೇಳಿ ಬರೆದುಕೊಳ್ಳಿ. ಬರೆದುದನ್ನು ನನಗೂ ಕಳುಹಿಸಿದರೆ ಸಂತೋಷಪಡುತ್ತೇನೆ.